ಹೊಸ್ತಿಲಿಂದ ಹೊಸ್ತಿಲಿಗೆ

ಎಂಟನೇ ತರಗತಿಗೆ ಭೂಪಟದ ಪಾಠ ಮಾಡುವಾಗ ಪ್ರತಿವರ್ಷವೂ ನಾನು ಎರಡು ವಸ್ತು ತೆಗೆದುಕೊಂಡು ಹೋಗುತ್ತೇನೆ. ಒಂದು ಮರದ ಸ್ಕೇಲು, ಇನ್ನೊಂದು ನನ್ನ ಹೊಲಿಗೆ ಡಬ್ಬಿಯಲ್ಲಿರುವ ದಾರದ ಉಂಡೆ. ಸ್ಕೇಲನ್ನು ಎರಡು ಊರುಗಳ ನಡುವೆ ಇಟ್ಟರೆ ನೇರ ಅಂತರ ಸಿಗುತ್ತದೆ. ದಾರವನ್ನು ರಸ್ತೆಯ ಅಂಕುಡೊಂಕಿನ ಮೇಲೆ ಕೂರಿಸಿ, ಆಮೇಲೆ ಬಿಚ್ಚಿ ಅಳೆದರೆ ದಾರಿಯ ಅಂತರ ಸಿಗುತ್ತದೆ. ‘ಹಕ್ಕಿಗೆ ಸ್ಕೇಲು, ಮನುಷ್ಯರಿಗೆ ದಾರ’ ಎಂದು ಹೇಳಿಕೊಟ್ಟರೆ ಮಕ್ಕಳು ಮರೆಯುವುದಿಲ್ಲ. ಇಪ್ಪತ್ತೆಂಟು ವರ್ಷಗಳಿಂದ ಹೀಗೆಯೇ ಹೇಳಿಕೊಡುತ್ತಾ ಬಂದಿದ್ದೇನೆ.

ಕೆಲವು ವರ್ಷಗಳ ಹಿಂದೆ ಈ ಪಾಠದ ನಡುವೆ, ಪಕ್ಕದ ತಾಂಡಾದಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. “ಟೀಚರ್, ಈಗ ದಾರ ಯಾಕ್ರೀ? ತೋರಣಗಲ್ಲಿಂದ ಬೆಂಗಳೂರಿಗೆ ವಿಮಾನ ಐತಲ್ರೀ. ಒಂದೇ ತಾಸಂತ್ರೀ!” ಎಂದಳು. ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಚುರುಕು ಹುಡುಗಿ, ಸರಿಯಾಗಿಯೇ ಕೇಳಿದ್ದಳು. ಅವತ್ತು ನನ್ನ ಬಳಿ ಉತ್ತರವಿರಲಿಲ್ಲ. ಇವತ್ತು ಇದೆ. ಆ ‘ಒಂದೇ ತಾಸು’ ಎಂಬ ಮಾತಿನ ಮೇಲೆ ನನಗೊಂದು ಜಗಳವಿದೆ. ಜಗಳಗಂಟಿ ಎಂದರೂ ಚಿಂತೆಯಿಲ್ಲ, ಅದನ್ನು ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ಮೊದಲು ಲೆಕ್ಕ ಸರಿಯಾಗಿ ಇಟ್ಟುಕೊಳ್ಳೋಣ. ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕಿನ ಕಾರ್ಖಾನೆಯವರ ವಿದ್ಯಾನಗರ ವಿಮಾನ ನಿಲ್ದಾಣವಿದೆ. ಕೇಂದ್ರ ಸರ್ಕಾರದ ‘ಉಡಾನ್’ ಯೋಜನೆಯಡಿ 2017ರಲ್ಲಿ ಅಲ್ಲಿಂದ ಹೈದರಾಬಾದಿಗೂ ಬೆಂಗಳೂರಿಗೂ ಜನಸಾಮಾನ್ಯರಿಗಾಗಿ ವಿಮಾನ ಶುರುವಾಯಿತು. ವಿದ್ಯಾನಗರದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಆಕಾಶಮಾರ್ಗದಲ್ಲಿ ಸುಮಾರು 250 ಕಿಲೋಮೀಟರು, ಹೈದರಾಬಾದಿಗೆ ಸುಮಾರು 300. ಅದೇ ಹೊಸಪೇಟೆಯಿಂದ ಚಿತ್ರದುರ್ಗದ ಮೇಲೆ ರಸ್ತೆಯಲ್ಲಿ ಹೋದರೆ ಬೆಂಗಳೂರು ಸುಮಾರು 340 ಕಿಲೋಮೀಟರು. ಹಂಪಿ ಎಕ್ಸ್‌ಪ್ರೆಸ್ ರೈಲಂತೂ ಬಳ್ಳಾರಿ, ಗುಂತಕಲ್ಲು, ಅನಂತಪುರ, ಹಿಂದೂಪುರ ಎಂದು ಆಂಧ್ರವನ್ನೆಲ್ಲ ಮಾತಾಡಿಸಿಕೊಂಡು ಹೋಗುತ್ತದೆ. ಇವುಗಳ ಪಕ್ಕದಲ್ಲಿ ‘250 ಕಿಲೋಮೀಟರು, ಒಂದು ಗಂಟೆ’ ಎಂದು ಬರೆದಿಟ್ಟರೆ ಯಾರ ಬಾಯಲ್ಲಿ ನೀರು ಬರುವುದಿಲ್ಲ, ಹೇಳಿ?

ಆ ಒಂದು ಗಂಟೆಯಾದರೂ ಎಲ್ಲಿಂದ ಬಂತು ಎಂದು ನೋಡಿ. ಶುರುವಿನಲ್ಲಿ ಇಲ್ಲಿಗೆ ಬರುತ್ತಿದ್ದದ್ದು ಎಟಿಆರ್ ಎಂಬ, ರೆಕ್ಕೆಗೆ ಫ್ಯಾನು ಸಿಕ್ಕಿಸಿದಂತೆ ಕಾಣುವ, ಎಪ್ಪತ್ತರ ಆಸುಪಾಸು ಸೀಟಿನ ವಿಮಾನ. ಮೇಲೇರಿದ ಮೇಲೆ ಗಂಟೆಗೆ ಸುಮಾರು 500 ಕಿಲೋಮೀಟರು ಓಡಬಲ್ಲದು. ಆ ಲೆಕ್ಕದಲ್ಲಿ ಬೆಂಗಳೂರು ಅರ್ಧ ಗಂಟೆ! ಆದರೆ ವಿಮಾನ ನೆಲದ ಮೇಲೆ ಉರುಳಬೇಕು, ಏರಬೇಕು, ಸುತ್ತು ಹಾಕಬೇಕು, ಸರದಿ ಕಾದು ಇಳಿಯಬೇಕು. ಹಾಗಾಗಿ ವೇಳಾಪಟ್ಟಿಯಲ್ಲಿ ಒಂದು ಗಂಟೆಯೋ ಅದಕ್ಕೆ ತುಸು ಹೆಚ್ಚೋ ಬರೆಯುತ್ತಾರೆ. ವಿಮಾನ ನಿಂತ ಜಾಗದಿಂದ ಹೊರಟು, ಇನ್ನೊಂದು ಊರಲ್ಲಿ ಹೋಗಿ ನಿಲ್ಲುವವರೆಗಿನ ಹೊತ್ತು ಅದು. ಅಂದರೆ ಅದು ವಿಮಾನದ ಪ್ರಯಾಣದ ಲೆಕ್ಕ. ನಿಮ್ಮ ಪ್ರಯಾಣದ ಲೆಕ್ಕವನ್ನು ಅದರಲ್ಲಿ ಯಾರೂ ಬರೆದಿಲ್ಲ. ವಿಮಾನಕ್ಕೆ ಮನೆಯಿಲ್ಲ. ಹಾಲಿನವನಿಗೆ ಹೇಳಿ ಬರಬೇಕಾಗಿಲ್ಲ, ಅತ್ತೆಯವರ ಮಾತ್ರೆ ಎಣಿಸಿಡಬೇಕಾಗಿಲ್ಲ, ಪಕ್ಕದ ಮನೆಗೆ ಬೀಗದ ಕೈ ಕೊಡಬೇಕಾಗಿಲ್ಲ.

ಈಗ ನನ್ನ ಕತೆ. ನನ್ನ ಮಗಳು ಬೆಂಗಳೂರಿನ ಬನಶಂಕರಿಯ ಕಡೆ ಇದ್ದಾಳೆ. ಒಂದು ಡಿಸೆಂಬರಿನಲ್ಲಿ ಅವಳ ಚೊಚ್ಚಲ ಹೆರಿಗೆ. ವೈದ್ಯರು ಪ್ರಯಾಣ ಬೇಡವೆಂದಿದ್ದರಿಂದ ತವರಿಗೆ ಕರೆತಂದಿರಲಿಲ್ಲ. ಇನ್ನೂ ಹದಿನೈದು ದಿನವಿದೆ, ನಾನೇ ರಜೆ ಹಾಕಿ ಹೋದರಾಯಿತೆಂದು ಅಂಟಿನುಂಡೆ ಕಟ್ಟುವುದರಲ್ಲಿದ್ದೆ. ರಾತ್ರಿ ಹನ್ನೊಂದಕ್ಕೆ ಫೋನು. ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ. ನನಗೆ ಕೈಕಾಲೇ ಆಡಲಿಲ್ಲ. ಒಂದು ಗಾಡಿ ಹುಡುಕಿ ಹೊಸಪೇಟೆಗೆ ಹೋಗಿ ರಾತ್ರಿ ಬಸ್ಸು ಹಿಡಿಯೋಣವೆಂದು ನಮ್ಮ ಯಜಮಾನರು ಎದ್ದರು. ಅಷ್ಟರಲ್ಲಿ ಅಳಿಯಂದಿರು, “ಬೇಡ ಅತ್ತೆ, ರಾತ್ರಿ ಹೊತ್ತು ಆ ಲಾರಿ ರಸ್ತೆಯಲ್ಲಿ ಯಾಕೆ ಬರ್ತೀರಿ? ಬೆಳಗಿನ ವಿಮಾನಕ್ಕೆ ಟಿಕೆಟ್ ಮಾಡಿದೀನಿ. ಒಂದು ಗಂಟೆ ಅಷ್ಟೇ” ಎಂದರು. ಪಾಪ, ಪ್ರೀತಿಯಿಂದಲೇ ಮಾಡಿದ್ದರು. ನಾನೂ ನಂಬಿದೆ. ಸ್ಕೇಲೂ ದಾರವೂ ಹಿಡಿದು ಮಕ್ಕಳಿಗೆ ಪಾಠ ಹೇಳುವ ನಾನೇ ಆ ರಾತ್ರಿ ಸ್ಕೇಲನ್ನು ನಂಬಿದೆ!

ಬೆಳಿಗ್ಗೆ ಆರಕ್ಕೆ ಬಾಡಿಗೆ ಕಾರಿನಲ್ಲಿ ಮನೆ ಬಿಟ್ಟೆ. ಆ ಹೊತ್ತಿಗೆ ತೋರಣಗಲ್ಲು ಮುಟ್ಟಿಸುವ ಬಸ್ಸಿರಲಿಲ್ಲ. ಸಂಡೂರು ದಾಟಿ, ಅದಿರು ಲಾರಿಗಳ ಸಾಲಿನ ಹಿಂದೆ ತೆವಳಿ, ಏಳೂ ಇಪ್ಪತ್ತಕ್ಕೆ ನಿಲ್ದಾಣ ಸೇರಿದೆ. ಅಂಟಿನುಂಡೆ, ಕೊಬ್ಬರಿ, ಉತ್ತುತ್ತೆ ಎಲ್ಲ ಸೇರಿ ಪೆಟ್ಟಿಗೆಯ ತೂಕ ಜಾಸ್ತಿಯಾಯಿತು. ಕೈಚೀಲದಲ್ಲಿದ್ದ ತುಪ್ಪದ ಡಬ್ಬಿಯನ್ನು ಒಳಗೆ ಬಿಡುವುದಿಲ್ಲವೆಂದರು, ಕಾರಿನ ಹುಡುಗನ ಕೈಗೆ ಕೊಟ್ಟೆ. ಒಂಬತ್ತಕ್ಕೆ ಹೊರಡಬೇಕಾದ ವಿಮಾನ ಇನ್ನೂ ಬಂದೇ ಇರಲಿಲ್ಲ. ದೇವನಹಳ್ಳಿಯಲ್ಲಿ ದಟ್ಟ ಮಂಜು. ಡಿಸೆಂಬರು, ಜನವರಿ ಬೆಳಗಿನ ಮಂಜಿಗೆ ಯಾರನ್ನು ಬಯ್ಯೋಣ? ಅಂತೂ ಹನ್ನೊಂದೂ ಹತ್ತಕ್ಕೆ ಹೊರಟಿತು. ಹನ್ನೆರಡೂ ಕಾಲಿಗೆ ಇಳಿಯಿತು. ಪೆಟ್ಟಿಗೆ ಕೈಗೆ ಬರುವಾಗ ಒಂದು ಗಂಟೆಗೆ ಹತ್ತು ನಿಮಿಷ. ಅಲ್ಲಿಂದ ಬನಶಂಕರಿಗೆ ಹೋಗುವ ವಾಯು ವಜ್ರ ಬಸ್ಸು ಕಾದು, ಹತ್ತಿ, ಹೆಬ್ಬಾಳದ ಮೇಲೆ ನಿಂತು ನಿಂತು ಊರನ್ನು ಉದ್ದಕ್ಕೂ ಸೀಳಿಕೊಂಡು ಹೋಗಿ ಇಳಿದು, ಆಟೋ ಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ ಮಧ್ಯಾಹ್ನ ಮೂರೂವರೆ.

ಒಂಬತ್ತೂವರೆ ಗಂಟೆ! ಅದರಲ್ಲಿ ವಿಮಾನದ ಪಾಲು ಒಂದು ಗಂಟೆ ಐದು ನಿಮಿಷ. ವೇಳಾಪಟ್ಟಿ ಸುಳ್ಳು ಹೇಳಿರಲಿಲ್ಲ ನೋಡಿ.

ಮೊಮ್ಮಗಳು ಹುಟ್ಟಿದ್ದು ಹನ್ನೊಂದೂ ನಲವತ್ತಕ್ಕೆ. ನಾನಾಗ ಮೋಡದ ಮೇಲಿದ್ದೆ. ತಾಯಿ ಮಗು ಚೆನ್ನಾಗಿದ್ದರು, ಅದಕ್ಕೆ ಹಂಪಿಯ ವಿರೂಪಾಕ್ಷನಿಗೆ ಕೈ ಮುಗಿದೆ. ಆದರೆ ಆ ಕೋಣೆಯಲ್ಲಿ ನನಗಿಂತ ಮೊದಲೇ ಮಗಳ ಪಕ್ಕ ಕೂತು, ಅವಳ ಸೊಂಟಕ್ಕೆ ಕೈ ಕೊಟ್ಟು, ಹೆರಿಗೆ ಕೋಣೆಯ ಬಾಗಿಲವರೆಗೂ ಜೊತೆಗಿದ್ದವಳು ಯಾರು ಗೊತ್ತೇ? ಹೊಸಪೇಟೆಯ ನನ್ನ ತಂಗಿ. ಅವಳಿಗೂ ರಾತ್ರಿ ಹನ್ನೊಂದಕ್ಕೇ ಸುದ್ದಿ ಮುಟ್ಟಿತ್ತು. ಮನೆ ಬಸ್ ನಿಲ್ದಾಣದ ಹತ್ತಿರ. ಉಟ್ಟ ಸೀರೆಯಲ್ಲೇ ಹನ್ನೊಂದೂಮುಕ್ಕಾಲಿನ ಬಸ್ಸು ಹತ್ತಿದಳು, ಮಲಗಿದಳು, ಬೆಳಿಗ್ಗೆ ಏಳೂ ಕಾಲಿಗೆ ಆಸ್ಪತ್ರೆಯಲ್ಲಿದ್ದಳು. ನಾನು ಇನ್ನೂ ತೋರಣಗಲ್ಲು ಮುಟ್ಟಿರಲಿಲ್ಲ. ನಾನು ಖರ್ಚು ಮಾಡಿದ ದುಡ್ಡಿನಲ್ಲಿ ಅವಳು ನಾಲ್ಕು ಸಲ ಹೋಗಿ ಬರಬಹುದಿತ್ತು.

ಆ ರಾತ್ರಿ ನನಗೂ ನನ್ನ ಮಗಳಿಗೂ ನಡುವೆ ಇದ್ದ ದೂರ ಎಷ್ಟು? 250 ಕಿಲೋಮೀಟರೂ ಅಲ್ಲ, 340 ಕಿಲೋಮೀಟರೂ ಅಲ್ಲ. ಯಶವಂತನಗರದಿಂದ ಹೊಸಪೇಟೆಗೆ ರಾತ್ರಿ ಹನ್ನೊಂದರ ಮೇಲೆ ಹೋಗಲು ಭರವಸೆಯ ಒಂದು ವಾಹನ ಇಲ್ಲವಲ್ಲ, ಅದೇ ದೂರ. ಆ ಸಣ್ಣ ತುಂಡು ದಾರಿ ದಾಟಿದ್ದರೆ ಉಳಿದದ್ದು ನಿದ್ದೆಯಲ್ಲೇ ಕಳೆದುಹೋಗುತ್ತಿತ್ತು. ಅದನ್ನು ದಾಟಲಾಗದವಳಿಗೆ ಆಕಾಶದ ಒಂದು ಗಂಟೆ ಕನ್ನಡಿಯೊಳಗಿನ ಗಂಟು.

ಈ ಲೆಕ್ಕವನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಹೇಳಿದರೆ ಗಂಡಸು ಮೇಷ್ಟ್ರುಗಳು ನಕ್ಕರು. “ಮೇಡಂ, ನಿಮಗೆ ಮಂಜು ಅಡ್ಡ ಬಂತು. ದಿನಾ ಹಾಗಾಗುತ್ತದೆಯೇ?” ಎಂದರು. ಸರಿ ಸ್ವಾಮಿ, ಮಂಜನ್ನು ಕಳೆಯಿರಿ. ಎರಡು ಗಂಟೆ ಹತ್ತು ನಿಮಿಷ ಕಳೆದರೂ ಏಳು ಗಂಟೆ ಇಪ್ಪತ್ತು ನಿಮಿಷ ಉಳಿಯುತ್ತದೆ. ರಾತ್ರಿ ಬಸ್ಸಿನದೂ ಅಷ್ಟೇ. ವ್ಯತ್ಯಾಸವೇನೆಂದರೆ ಬಸ್ಸಿನವಳು ರಾತ್ರಿ ಕಳೆದಳು, ನಾನು ಹಗಲು ಕಳೆದೆ. ದೂರದ ಊರಿಗಾದರೆ ಮಾತು ಬೇರೆ. ದೆಹಲಿಗೆ ರೈಲಿನಲ್ಲಿ ಎರಡು ರಾತ್ರಿ ಕಳೆಯುವ ಬದಲು ವಿಮಾನ ಹತ್ತಿದರೆ ನಿಜವಾಗಿಯೂ ದಿನ ಉಳಿಯುತ್ತದೆ. ದಾರಿ ಗಿಡ್ಡವಾದಷ್ಟೂ ವಿಮಾನ ಉಳಿಸುವ ಹೊತ್ತು ಕಮ್ಮಿ. ಎರಡೂ ತುದಿಯ ಕಾಯುವಿಕೆ ಮಾತ್ರ ಕಮ್ಮಿಯಾಗುವುದಿಲ್ಲ. ಹಿಂದೆ ಕಾಂಕಾರ್ಡ್ ಎಂಬ ವಿಮಾನವಿತ್ತು. 1976ರಿಂದ 2003ರವರೆಗೆ ಜನರನ್ನು ಹೊತ್ತು ಹಾರಿತು. ಲಂಡನ್ನಿನಿಂದ ನ್ಯೂಯಾರ್ಕಿಗೆ ಮೂರೂವರೆ ಗಂಟೆಯ ಸುಮಾರಿನಲ್ಲಿ ಮುಟ್ಟಿಸುತ್ತಿತ್ತು. ಅಂಥ ವಿಮಾನದಿಂದ ಇಳಿದವರೂ ಊರೊಳಗೆ ಹೋಗಲು ಎಲ್ಲರಂತೆ ಅದೇ ರಸ್ತೆಯಲ್ಲಿ ಹೋಗಬೇಕಿತ್ತು.

ನನ್ನ ಸಿಟ್ಟು ವಿಮಾನದ ಮೇಲಲ್ಲ ಎಂಬುದನ್ನು ಇಲ್ಲೇ ಸ್ಪಷ್ಟಪಡಿಸುತ್ತೇನೆ. 2021ರ ಜನವರಿಯಲ್ಲಿ ನಾಲ್ವರು ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರ ಧ್ರುವದ ಮೇಲೆ ಹಾರಿ, ಸುಮಾರು ಹದಿನಾಲ್ಕು ಸಾವಿರ ಕಿಲೋಮೀಟರು ದಾರಿಯನ್ನು ಎಲ್ಲೂ ನಿಲ್ಲದೆ ಕ್ರಮಿಸಿ ಬೆಂಗಳೂರಿನಲ್ಲಿ ಇಳಿದಾಗ ನಾನು ಆ ಸುದ್ದಿಯನ್ನು ಕತ್ತರಿಸಿ ನಮ್ಮ ಶಾಲೆಯ ಫಲಕಕ್ಕೆ ಅಂಟಿಸಿದ್ದೆ. ಭೂಗೋಲದ ಮೇಲೆ ದಾರ ಎಳೆದು, ಧ್ರುವದ ಮೇಲೆ ಹೋದರೆ ಏಕೆ ಹತ್ತಿರವಾಗುತ್ತದೆ ಎಂದು ತೋರಿಸಿದ್ದೆ. ಹುಡುಗಿಯರ ಕಣ್ಣು ಅರಳಿದ್ದವು. ಇನ್ನು, ಕಾರ್ಖಾನೆಗೆ ಬರುವ ಎಂಜಿನಿಯರುಗಳಿಗೆ, ಹಂಪಿ ನೋಡಲು ಬರುವವರಿಗೆ, ಹೈದರಾಬಾದಿನ ಆಸ್ಪತ್ರೆಗೆ ತುರ್ತಾಗಿ ಹೋಗಬೇಕಾದವರಿಗೆ ವಿದ್ಯಾನಗರದ ವಿಮಾನದಿಂದ ಉಪಯೋಗವಿದೆ. ತೋರಣಗಲ್ಲಿನ ಪಕ್ಕದಲ್ಲೇ ಮನೆ, ದೇವನಹಳ್ಳಿಯ ಪಕ್ಕದಲ್ಲೇ ಕೆಲಸ ಇದ್ದವರಿಗೆ ಅದು ನಿಜಕ್ಕೂ ಹತ್ತಿರದ ದಾರಿ. ಹಾರಲಿ, ಚೆನ್ನಾಗಿ ಹಾರಲಿ.

ನನ್ನ ಜಗಳ ಇರುವುದು ಆ ಅಂಕಿಯನ್ನು ಆಯುಧ ಮಾಡಿಕೊಂಡವರ ಮೇಲೆ. ನಿವೇಶನ ಮಾರುವವರು ‘ಬೆಂಗಳೂರು ಒಂದೇ ಗಂಟೆ’ ಎಂದು ಬೋರ್ಡು ಬರೆಸುತ್ತಾರೆ. ವೇದಿಕೆ ಹತ್ತಿದವರು ‘ನಿಮ್ಮ ಜಿಲ್ಲೆಗೆ ವಿಮಾನವನ್ನೇ ಕೊಟ್ಟಿದ್ದೇವೆ’ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಮಕ್ಕಳು, “ಒಂದು ಗಂಟೆ ತಾನೇ ಅಮ್ಮ, ಯಾವಾಗ ಬೇಕಾದರೂ ಬರ್ತೀವಿ” ಎನ್ನುತ್ತಾರೆ. ಯಾವಾಗ ಬೇಕಾದರೂ ಬರಬಹುದು ಎಂದವರು ಯಾವಾಗಲೂ ಬರುವುದಿಲ್ಲ ಎಂಬುದು ನನ್ನ ಅನುಭವ. ಮೊದಲು ಹಬ್ಬಕ್ಕೆ ತಿಂಗಳ ಮುಂಚೆಯೇ ರೈಲಿನ ಟಿಕೆಟ್ ಮಾಡಿಸಿ ನಾಲ್ಕು ದಿನ ಇದ್ದು ಹೋಗುತ್ತಿದ್ದರು.

ಈ ಹಾರಾಟವಾದರೂ ಸ್ಥಿರವೇ? ಉಡಾನ್ ಯೋಜನೆಯಲ್ಲಿ ವಿಮಾನದ ಅರ್ಧದಷ್ಟು ಸೀಟುಗಳಿಗೆ, ಒಂದು ಗಂಟೆಯ ಪ್ರಯಾಣಕ್ಕೆ 2,500 ರೂಪಾಯಿಯ ಮಿತಿ ಇಟ್ಟು ಶುರು ಮಾಡಿದರು. ಹವಾಯಿ ಚಪ್ಪಲಿ ಹಾಕಿದವರೂ ಹಾರಬೇಕು ಎಂಬುದು ಆಗಿನ ಘೋಷಣೆ. ಕಂಪನಿಗೆ ಆಗುವ ನಷ್ಟವನ್ನು ಮೂರು ವರ್ಷ ತುಂಬಿಕೊಡುವ ಏರ್ಪಾಡು. ಆ ಹಣ ಬರುವುದು ದೊಡ್ಡ ಊರುಗಳ ವಿಮಾನಗಳ ಮೇಲೆ ಹಾಕಿದ ಶುಲ್ಕದಿಂದ ಮತ್ತು ರಾಜ್ಯ ಸರ್ಕಾರದ ಪಾಲಿನಿಂದ. ರಾಜ್ಯದ ಪಾಲೆಂದರೆ ನಮ್ಮ ನಿಮ್ಮ ಪಾಲೇ. 2020ರ ಮಾರ್ಚಿನಲ್ಲಿ ದೇಶದ ವಿಮಾನಗಳೆಲ್ಲ ಎರಡು ತಿಂಗಳು ನಿಂತವು. ಆಮೇಲೂ ನಮ್ಮ ವಿದ್ಯಾನಗರಕ್ಕೆ ಒಂದು ಕಂಪನಿ ಹೋಗಿ ಇನ್ನೊಂದು ಬಂತು, ನಡುವೆ ನಿಂತದ್ದೂ ಉಂಟು. ಇವತ್ತು ಇದೆಯೋ ಇಲ್ಲವೋ ಎಂದು ವಿಚಾರಿಸಿ ಹೋಗಬೇಕಾದ ಗಾಡಿಯನ್ನು ನೆಚ್ಚಿಕೊಂಡು ಯಾವ ತಾಯಿ ಮಗಳ ಹೆರಿಗೆಗೆ ಹೊರಡಬೇಕು?

ಈಗ ನಮ್ಮೂರಿನ ನೆಲ ನೋಡಿ. ನಮ್ಮ ಯಶವಂತನಗರಕ್ಕೆ ರೈಲು ಹಳಿ ಇದೆ, ಸ್ಟೇಷನ್ನೂ ಇದೆ. ಹೊಸಪೇಟೆಯ ಕಡೆಯಿಂದ ಸ್ವಾಮಿಹಳ್ಳಿಗೆ ಹೋಗುವ ಹಳಿ ಅದು. ಅದರ ಮೇಲೆ ಹೋಗುವುದು ಅದಿರಿನ ಗೂಡ್ಸ್ ಗಾಡಿ. ಕೆಂಪು ಮಣ್ಣಿಗೆ ವ್ಯಾಗನ್ ಉಂಟು, ಕೆಂಪು ಮಣ್ಣಿನ ಮಕ್ಕಳಿಗೆ ಒಂದು ಬೋಗಿ ಇಲ್ಲ. ಗಣಿಯ ಹುಚ್ಚು ಏರಿದ ದಿನಗಳಲ್ಲಿ ನಮ್ಮ ಜಿಲ್ಲೆಯ ಆಕಾಶದಲ್ಲಿ ಹೆಲಿಕಾಪ್ಟರುಗಳನ್ನೂ ನೋಡಿದವರು ನಾವು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದಾಗ ಹೆಲಿಕಾಪ್ಟರಿನ ಸದ್ದೂ ಅಡಗಿತು. ಕೆಳಗೆ ರಸ್ತೆಯ ಪಕ್ಕದಲ್ಲಿ ಮೂಗಿಗೆ ಸೆರಗು ಹಿಡಿದು ಬಸ್ಸು ಕಾಯುವ ಹೆಂಗಸರು ಆಗಲೂ ಇದ್ದರು, ಈಗಲೂ ಇದ್ದಾರೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದರೇ?

2023ರ ಜೂನ್ 11ರಂದು ರಾಜ್ಯದಲ್ಲಿ ‘ಶಕ್ತಿ’ ಯೋಜನೆ ಬಂತು. ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಅದನ್ನು ಗೇಲಿ ಮಾಡುವವರ ಜೊತೆ ನಾನಿಲ್ಲ. ನಮ್ಮ ಶಾಲೆಯ ಅಡುಗೆಯಾಕೆ ಆರು ವರ್ಷದಿಂದ ನೋಡದಿದ್ದ ತವರನ್ನು ಆ ಆಷಾಢದಲ್ಲಿ ನೋಡಿ ಬಂದಳು. ಆದರೆ ದುಡ್ಡು ಬೇಡವಾದ ಮಾತ್ರಕ್ಕೆ ದಾರಿ ಹತ್ತಿರವಾಗುವುದಿಲ್ಲ. ಬಸ್ಸು ಬೇಕಾದ ಹೊತ್ತಿಗೆ ಬರಬೇಕು, ನಿಲ್ಲಬೇಕು, ಹತ್ತಲು ಜಾಗವಿರಬೇಕು.

ನಾನು ಮೊದಲು ಹೇಳಿದ ಹುಡುಗಿಯನ್ನು ಮರೆತಿರಾ? ‘ಒಂದೇ ತಾಸು’ ಎಂದವಳು. ಹತ್ತನೇ ತರಗತಿಯಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾದಳು. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಳ್ಳುತ್ತೇನೆ, ಸಂಡೂರಿಗೆ ಹೋಗುತ್ತೇನೆ ಎಂದಳು. ಸಂಡೂರು ನಮ್ಮೂರಿಂದ ಹತ್ತು ಹನ್ನೆರಡು ಕಿಲೋಮೀಟರು. ಅವಳು ತಾಂಡಾದಿಂದ ರಸ್ತೆಗೆ ಅರ್ಧ ಗಂಟೆ ನಡೆಯಬೇಕು. ಬೆಳಗಿನ ಬಸ್ಸು ತುಂಬಿ ಬಂದರೆ ನಿಲ್ಲದೆ ಹೋಗುತ್ತದೆ, ಮುಂದಿನದಕ್ಕೆ ಕಾದರೆ ಮೊದಲ ಪಿರಿಯಡ್ಡು ಹೋಗುತ್ತದೆ. ಸಂಜೆ ಪ್ರಾಕ್ಟಿಕಲ್ ಮುಗಿಸಿ ಹೊರಟರೆ ಮನೆ ಸೇರುವಾಗ ಕತ್ತಲು. ಮೂರು ತಿಂಗಳು ಹೋದಳು. ಒಂದು ಸಂಜೆ ಬಸ್ಸು ತಪ್ಪಿ, ಮನೆ ಮುಟ್ಟಿದಾಗ ರಾತ್ರಿ ಎಂಟೂವರೆ. ಮರುದಿನ ಅವರಪ್ಪ, “ಸಾಕವ್ವ ಓದಿದ್ದು” ಎಂದ. ನಾನು ಮನೆಗೆ ಹೋಗಿ ಕೇಳಿದರೆ, “ನೀವು ಹೇಳೋದು ಖರೇನೆ ಟೀಚರ್ರೇ, ಆದ್ರ ಕತ್ತಲಾಗ ಹೆಣ್ಮಗಳು ಬರೋ ದಾರಿ ನೀವು ನೋಡೀರೇನು?” ಎಂದ. ನನ್ನ ಬಾಯಿ ಕಟ್ಟಿತು. ಅವನನ್ನು ಬಯ್ಯಲು ಹೋದವಳು ಮಜ್ಜಿಗೆ ಕುಡಿದು ಎದ್ದು ಬಂದೆ. ಆ ಹುಡುಗಿ ಈಗ ಮನೆಯಲ್ಲಿದ್ದಾಳೆ.

ಹೇಳಿ, ಸಂಡೂರು ಹತ್ತಿರವೋ ಬೆಂಗಳೂರು ಹತ್ತಿರವೋ? ಹನ್ನೆರಡು ಕಿಲೋಮೀಟರು ದಾಟಲಾಗದೆ ಒಂದು ಹುಡುಗಿಯ ಓದು ನಿಂತಿತು. ಅದೇ ತಾಲ್ಲೂಕಿನ ಆಕಾಶದಲ್ಲಿ 250 ಕಿಲೋಮೀಟರನ್ನು ಒಂದು ಗಂಟೆಗೆ ಇಳಿಸಿದೆವೆಂದು ಬೆನ್ನು ತಟ್ಟಿಕೊಳ್ಳುವುದು ಯಾವ ನ್ಯಾಯ? ಮುಖ ನೋಡಿ ಮಣೆ ಹಾಕುವುದು ಎಂದರೆ ಇದೇ. ತುಂಬ ಹೊತ್ತು ಇಲ್ಲದವರ ಹೊತ್ತನ್ನು ಉಳಿಸಲು ದುಡ್ಡಿದೆ. ನಮ್ಮ ಹೊತ್ತನ್ನು ಎಣಿಸುವವರೇ ಇಲ್ಲ. ಬಸ್ಸಿಗಾಗಿ ಕಾದ ಹೊತ್ತು, ರಸ್ತೆಗೆ ನಡೆದ ಹೊತ್ತು, ಹೊರಡುವ ಮುಂಚೆ ಮನೆಮಂದಿಗೆ ಅಡುಗೆ ಮಾಡಿಟ್ಟ ಹೊತ್ತು ಇವೆಲ್ಲ ಯಾವ ವೇಳಾಪಟ್ಟಿಯಲ್ಲಿದೆ?

ಆದ್ದರಿಂದ ನನ್ನ ಬೇಡಿಕೆ ಸರಳ. ದೂರವನ್ನು ಹೊಸ್ತಿಲಿಂದ ಹೊಸ್ತಿಲಿಗೆ ಅಳೆಯಿರಿ. ಯಾರಾದರೂ ‘ಒಂದು ಗಂಟೆ’ ಎಂದು ಹೇಳಿದರೆ, ‘ಯಾರ ಮನೆಯಿಂದ ಯಾರ ಮನೆಗೆ?’ ಎಂದು ಕೇಳಿ. ವಿಮಾನಕ್ಕೆ ತುಂಬಿಕೊಡುವ ನಷ್ಟದ ಜೊತೆಗೇ, ವಿಮಾನ ನಿಲ್ದಾಣಕ್ಕೆ ಹೋಗುವ ಬಸ್ಸಿನ ನಷ್ಟವನ್ನೂ ತುಂಬಿಕೊಡಿ. ಅದಿರು ಹೋಗುವ ಹಳಿಯ ಮೇಲೆ ಬೆಳಿಗ್ಗೆ ಒಂದು, ಸಂಜೆ ಒಂದು ಪ್ಯಾಸೆಂಜರ್ ಗಾಡಿ ಬಿಡಿ. ಹೊಸಪೇಟೆಯಿಂದ ಕೊಟ್ಟೂರಿನ ಮೇಲೆ ಹರಿಹರಕ್ಕೆ ಪ್ಯಾಸೆಂಜರ್ ಬರಲು ಜನ ವರ್ಷಗಟ್ಟಲೆ ಹೋರಾಡಬೇಕಾಯಿತು. ಹೋರಾಡಿದ್ದಕ್ಕೆ ಬಂತು.

ನಮ್ಮೂರಿನ ತಾಯಂದಿರು ಸೇರಿ ಒಂದು ಅರ್ಜಿ ಬರೆದಿದ್ದೇವೆ. ಬೆಳಿಗ್ಗೆ ಎಂಟಕ್ಕೊಂದು, ಸಂಜೆ ಐದೂವರೆಗೊಂದು, ಕಾಲೇಜು ಹುಡುಗಿಯರಿಗಾಗಿ ಬಸ್ಸು ಬೇಕೆಂದು. ನಲವತ್ತೊಂದು ಜನರದ್ದು, ಅದರಲ್ಲಿ ಹದಿನಾರು ಹೆಬ್ಬೆಟ್ಟು. ಕಚೇರಿಯಿಂದ ಕಚೇರಿಗೆ ಹೋಗುತ್ತಾ ಅರ್ಜಿ ಇನ್ನೂ ದಾರಿಯಲ್ಲಿದೆ. ಹದಿನಾರು ಹೆಬ್ಬೆಟ್ಟಿನಲ್ಲಿ ಆ ಹುಡುಗಿಯ ತಾಯಿಯದೂ ಒಂದು. ಕೆಳಗೆ ಹುಡುಗಿಯೂ ತನ್ನ ಹೆಸರು ಬರೆದು ಸಹಿ ಮಾಡಿದ್ದಾಳೆ, ಅಕ್ಷರ ಮುತ್ತಿನಂತಿದೆ. “ಬಸ್ಸು ಬಂದರೆ ಮತ್ತೆ ಸೇರಿಸ್ಕೋತಾರೇನ್ರೀ ಟೀಚರ್?” ಎಂದು ಕೇಳಿದಳು. ಸೇರಿಸಿಕೊಳ್ಳುತ್ತಾರೆ ಎಂದಿದ್ದೇನೆ. ಮುಂದಿನ ಜೂನಿನೊಳಗೆ ಬಸ್ಸು ಬರಬೇಕು.